ಬೇಲೆಕೇರಿಯಲ್ಲಿ ಹಗ್ಗ ಹಿಡಿದವರು

ಧಾರವಾಡದಿಂದ ಬೆಳಿಗ್ಗೆ ಹೊರಟ ಬಸ್ಸು ಕಾರವಾರ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ಟಿಕೆಟ್ಟಿಗೆ ತೊಂಬತ್ತು ರೂಪಾಯಿಯ ಆಸುಪಾಸು ಕೊಟ್ಟ ನೆನಪು. ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಅದಕ್ಕೇ ಡೈರಿ ಬರೆಯುತ್ತೇನೆ. ಆದರೆ ಆ ಮೂರು ದಿನಗಳ ಡೈರಿಯಲ್ಲಿ ದರ, ದೂರಗಳಿಗಿಂತ ಸಿಟ್ಟೇ ಹೆಚ್ಚು ತುಂಬಿದೆ. ಸಿಟ್ಟಿನಲ್ಲಿ ಬರೆದದ್ದನ್ನು ಎಷ್ಟು ನಂಬಬೇಕು ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ.

ಜಗತ್ತಿನ ಅಪರೂಪದ, ಐತಿಹಾಸಿಕ ಜಾಗಗಳಿಗೆ ಸಾಹಸ ಪ್ರವಾಸ ನಡೆಸುವ ಒಂದು ಕಂಪನಿ, ಇತಿಹಾಸ ಗೊತ್ತಿದ್ದು ಕನ್ನಡ, ಇಂಗ್ಲಿಷ್ ಎರಡೂ ಬರುವವರೊಬ್ಬರು ಬೇಕೆಂದು ನಮ್ಮ ಕಾಲೇಜನ್ನು ಕೇಳಿತ್ತು. ನಾನು ಒಪ್ಪಿದೆ. ಅಂಕೋಲಾ ತಾಲ್ಲೂಕಿನ ಅಗಸೂರಿನಲ್ಲಿ ಹುಟ್ಟಿ, ಇಷ್ಟು ವರ್ಷ ಇತಿಹಾಸ ಕಲಿಸಿ, ಕಾರವಾರದ ಎದುರಿಗೇ ಕಾಣುವ ಕೂರ್ಮಗಡ ದ್ವೀಪದ ಮೇಲೆ ಒಮ್ಮೆಯೂ ಕಾಲಿಟ್ಟವಳಲ್ಲ. ಪುಕ್ಕಟೆ ದೋಣಿ ಸಿಗುತ್ತದೆ ಎಂಬ ಆಸೆ ನನ್ನದು.

ಕಂಪನಿಯ ಬಣ್ಣದ ಹಾಳೆಯನ್ನು ಹೋಟೆಲಿನಲ್ಲಿ ಕೈಗಿಟ್ಟರು. 'ಯಾರೂ ಹೋಗದ ಜಾಗಗಳು' ಎಂಬುದು ತಲೆಬರಹ. ಇಥಿಯೋಪಿಯಾದ ಬಂಡೆ ಕೊರೆದ ಚರ್ಚುಗಳು, ಯೆಮೆನ್ನಿನ ಮಣ್ಣಿನ ಗೋಪುರಗಳು, ಉಜ್ಬೆಕಿಸ್ತಾನದ ಮರಳಿನಲ್ಲಿ ಹೂತ ಕೋಟೆಗಳು, ಅವುಗಳ ಸಾಲಿನಲ್ಲಿ ಕಾರವಾರ, ಬೇಲೆಕೇರಿ. ಮೊದಲ ಸಿಟ್ಟು ಅಲ್ಲೇ ಹುಟ್ಟಿತು. ಅಂಕೋಲೆಯಿಂದ ಬೇಲೆಕೇರಿಗೆ ದಿನವೂ ಬಸ್ಸು ಹೋಗುತ್ತದೆ. ಯಾರೂ ಹೋಗದಿದ್ದರೆ ಕಂಡಕ್ಟರ್ ಯಾರಿಗೆ ಟಿಕೆಟ್ ಹರಿಯುತ್ತಾನೆ?

ಬಂದವರು ಎಂಟು ಮಂದಿ. ಅವರಲ್ಲಿ ಮುಂಬಯಿಯ ಗಂಡ ಹೆಂಡತಿ ಇಬ್ಬರು, ಉಳಿದವರು ಹೊರದೇಶದವರು. ಎಲ್ಲರಿಗಿಂತ ಹಿರಿಯರು ಬೆಲ್ಜಿಯಮ್ಮಿನ ಮಾರ್ತಾ ಎಂಬ ನಿವೃತ್ತ ನರ್ಸ್. ಹಾಳೆಯಲ್ಲಿದ್ದ ಊರುಗಳನ್ನೆಲ್ಲ ನೋಡಿ ಮುಗಿಸಿದ್ದ ಆಕೆ, ಸಂತೆಯಲ್ಲಿ ತರಕಾರಿ ಹೆಸರು ಹೇಳುವಂತೆ ದೇಶಗಳ ಹೆಸರು ಹೇಳಿದರು. ನನ್ನ ಸಿಟ್ಟಿನಲ್ಲಿ ಒಂದಂಶ ಆಕೆಯ ಪಾಲಿಗೂ ಹೋಯಿತು. ಇವರನ್ನೆಲ್ಲ ನಡೆಸುತ್ತಿದ್ದವನು ಮ್ಯಾನೇಜರ್ ಸುಧೀರ. ಹುಬ್ಬಳ್ಳಿಯವನು, ಮಾತಿನ ಮಲ್ಲ.

ಆ ದಿನ ಸಂಜೆ ಕಾಳಿ ಸೇತುವೆ ದಾಟಿ ಚಿತ್ತಾಕುಲದ ಸದಾಶಿವಗಡ ಹತ್ತಿದೆವು. ಗುಡ್ಡವನ್ನೇ ಸೀಳಿಕೊಂಡು ಹೆದ್ದಾರಿ ಹೋಗಿದೆ. ಮೇಲೆ ನಿಂತರೆ ನದಿ ಕಡಲಿಗೆ ಸೇರುವ ಜಾಗ ಒಂದು ತಟ್ಟೆಯ ಹಾಗೆ ಬಿದ್ದುಕೊಂಡಿರುತ್ತದೆ. ಸುಧೀರ ಅಲ್ಲಿ ನಿಂತು, ಇದೇ ಬುರುಜಿನಿಂದ ರಾಣಿಯೊಬ್ಬಳು ಶತ್ರುವಿನ ಕೈಗೆ ಸಿಗಬಾರದೆಂದು ನದಿಗೆ ಹಾರಿದಳು ಎಂದು ಇಂಗ್ಲಿಷಿನಲ್ಲಿ ಹೇಳಿದ. ಎಂಟು ಕ್ಯಾಮೆರಾಗಳು ನದಿಯತ್ತ ತಿರುಗಿದವು.

"ಯಾವ ರಾಣಿ?" ಎಂದು ನಾನು ಮೆಲ್ಲಗೆ ಕೇಳಿದೆ.

"ಎಲ್ಲಾ ಕ್ವಾಟಿಯಾಗೂ ಒಬ್ಬಾಕಿ ರಾಣಿ ಹಾರೇ ಇರ್ತಾಳ್ರೀ ಮೇಡಂ. ಇಲ್ಲಿ ಹಾರಿಲ್ಲ ಅಂದ್ರ ಈ ಕ್ವಾಟಿಗೇ ಅವಮಾನ."

"ಸೋದೆಯ ಅರಸ ತನ್ನ ತಂದೆಯ ಹೆಸರಿಟ್ಟು ಕಟ್ಟಿಸಿದ ಕೋಟೆ ಅಂತ ಹೇಳಿ. ಅದು ಸಾಲದೆ?"

"ಅಪ್ಪನ ಹೆಸರಿಟ್ಟಿದ್ದಕ್ಕ ಯಾರರ ಫೋಟೋ ತಗೀತಾರೇನ್ರೀ?" ಎಂದು ನಕ್ಕ.

ಮರುದಿನ ಕೂರ್ಮಗಡ. ಗಾಳಿ ಇತ್ತು, ದೋಣಿ ಒಂದು ತಾಸಿನವರೆಗೆ ಕುಣಿಯಿತು. ದ್ವೀಪದಲ್ಲಿ ನರಸಿಂಹನ ಗುಡಿ, ಗಿಡಗಂಟಿಯಲ್ಲಿ ಮುಳುಗಿದ ಕೋಟೆಯ ಗೋಡೆ. ಸುಧೀರ ಅಲ್ಲಿಗೆ ಕಡಲ್ಗಳ್ಳರನ್ನು ತಂದ, ಅವರ ಚಿನ್ನವನ್ನೂ ಹೂಳಿಸಿದ. ಹಿಂದಿರುಗುವಾಗ ಮಾರ್ತಾ ನನ್ನ ಪಕ್ಕ ಕುಳಿತು, ರಾಣಿಯ ಕಥೆ ನಿಜವೇ ಎಂದು ಕೇಳಿದರು. ಅಲ್ಲ ಎಂದೆ. "ನನಗೂ ಹಾಗೇ ಅನ್ನಿಸಿತು. ನಾನು ಹೋದ ಎಲ್ಲ ದೇಶಗಳಲ್ಲೂ ರಾಣಿಯರು ಹಾರುತ್ತಲೇ ಇರುತ್ತಾರೆ" ಎಂದರು. ಹಾಗಾದರೆ ಫೋಟೋ ತೆಗೆದದ್ದೇಕೆ ಎಂದು ಕೇಳಬೇಕೆನಿಸಿತು. ರಾತ್ರಿ ಡೈರಿಯಲ್ಲಿ ಆಕೆಯ ಮೇಲೆ ಎರಡು ಸಾಲು ಕಹಿ ಬರೆದಿದ್ದೇನೆ. ಈಗ ಓದಿದರೆ ಆ ಸಾಲುಗಳು ಆಕೆಗಿಂತ ನನ್ನನ್ನೇ ಹೆಚ್ಚು ಬಣ್ಣಿಸುತ್ತವೆ.

ಮೂರನೆಯ ಬೆಳಿಗ್ಗೆ ಬೇಲೆಕೇರಿ. ಕಾರವಾರದಿಂದ ಮೂವತ್ತು ಕಿಲೋಮೀಟರಿಗೆ ತುಸು ಕಡಿಮೆ. ಅವರ್ಸಾ ದಾಟಿದ ಮೇಲೆ ಅದಿರು ಲಾರಿಗಳ ಸಾಲು ಹಿಡಿಯಿತು. ರಸ್ತೆ ಬದಿಯ ಬಾಳೆ ಎಲೆ, ಅಂಗಡಿಯ ಹೆಂಚು, ಒಣಗಲು ಹಾಕಿದ ಬಟ್ಟೆ ಎಲ್ಲದರ ಮೇಲೂ ಕೆಂಪು ಧೂಳು. ದೂರದಲ್ಲಿ ಅದಿರಿಗೆ ಕಾದು ನಿಂತ ಹಡಗುಗಳು. ಸುಧೀರ ಗಾಡಿಯ ಕಿಟಕಿ ಪರದೆ ಎಳೆಸಿದ. ಧೂಳು ಅವನ ಹಾಳೆಯಲ್ಲಿ ಇರಲಿಲ್ಲ.

ಅವನು ತೋರಿಸಲು ತಂದದ್ದು ರಂಪಣಿಯನ್ನು. ದೋಣಿಯವರು ದೊಡ್ಡ ಬಲೆಯನ್ನು ಕಡಲಿನಲ್ಲಿ ಅರ್ಧ ಸುತ್ತು ಬಿಟ್ಟು ಬರುತ್ತಾರೆ. ಬಲೆಯ ಎರಡು ತುದಿಯ ಹಗ್ಗಗಳು ದಂಡೆಗೆ ಬರುತ್ತವೆ. ಎರಡು ಸಾಲಾಗಿ ನಿಂತು ಜನ ಎಳೆಯುತ್ತಾರೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ, ದಾರಿಹೋಕರಿಗೂ, ಮೀನಿನಲ್ಲಿ ಒಂದು ಪಾಲು. ಇದು ಇಲ್ಲಿಯ ಪದ್ಧತಿ. ಚಿಕ್ಕವಳಿದ್ದಾಗ ಅತ್ತೆಯ ಜೊತೆ ಬಂದು ಹಗ್ಗ ಎಳೆದು ಮೂರು ಬಂಗಡೆ ಗಳಿಸಿದ್ದೆ. ಅತ್ತೆ ಕೇಳಿದರೆ ಒಂದೇ ಎನ್ನುತ್ತಾಳೆ.

ಎಂಟು ಮಂದಿಯೂ ಹಗ್ಗ ಹಿಡಿದರು, ನಗುತ್ತ, ಸರದಿಯಲ್ಲಿ ಫೋಟೋ ತೆಗೆಯುತ್ತ. ನಾನೂ ಹಿಡಿದೆ. ನನ್ನ ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿದ ಅರವತ್ತು ದಾಟಿದ ಹೆಂಗಸು ಎಳೆಯುತ್ತಿದ್ದಳು. ಹೆಸರು ದೇವಮ್ಮ ಎಂದು ಆಮೇಲೆ ತಿಳಿಯಿತು. ನನ್ನ ಕೆಲಸ ಏನೆಂದು ಕೇಳಿ ತಿಳಿದುಕೊಂಡು ಒಮ್ಮೆ ಹಿಂದಿರುಗಿ ನೋಡಿದಳು.

"ಅಕ್ಕೋರೆ, ನೀವು ಆ ಗಾಡಿ ಜನದ ಸಂಗ್ತಿಗೆ ಬಂದದ್ದಾ?"

"ಹೌದು."

"ಹಂಗಾರೆ ಹಗ್ಗ ಬಿಡಿ."

ನಾನು ಬಿಡಲಿಲ್ಲ. ಯಾಕೆ ಎಂದು ಕೇಳಿದೆ. ಎಳೆಯುತ್ತಲೇ ಹೇಳಿದಳು.

"ಈ ಹುಡ್ಗ ವಾರ ವಾರ ಜನ ತಕಂಡು ಬತ್ತ. ಒಂದು ಗಳಿಗೆ ಹಗ್ಗ ಹಿಡೂದು, ಫೋಟೋ ಹೊಡೂದು, ತಲೆಗೊಂದು ಪಾಲು ಎತ್ಕಂಡು ಹೋಗೂದು. ಪೆಟ್ಗೇಲಿ ಬರ್ಫ ಹಾಕ್ಕಂಡೇ ಬತ್ತ. ಹೋಟ್ಲಿಗೆ ಮಾರೂಕೆ ಅಂತ ಡ್ರೈವರೇ ಹೇಳ್ದ."

"ಕೊಡೂದಿಲ್ಲ ಅನ್ನಬಹುದಲ್ಲ?"

"ಹೆಂಗೆ ಅನ್ನೂದು? ಹಗ್ಗ ಮುಟ್ದೋರಿಗೆ ಪಾಲು. ಅವ್ರಿಗಿಲ್ಲ ಅಂದ್ರೆ ನಂಗೂ ಇಲ್ಲ."

ವಿಷಯ ಹೀಗಿತ್ತು. ಬಲೆ ಕೆಲವು ಮನೆಗಳ ಒಟ್ಟು ಆಸ್ತಿ. ದೇವಮ್ಮನ ಮನೆ ಅದರಲ್ಲಿಲ್ಲ. ಅವಳಂಥ ಏಳೆಂಟು ಹೆಂಗಸರು ಬರೀ ಕೈ ನಂಬಿ ಬರುವವರು. ಮುದುಕರ ಕೈಯಾದರೂ ಪಾಲು ಪಾಲೇ. ಈ ವರ್ಷ ಮೀನು ಕಡಿಮೆ. ಅದರಲ್ಲಿ ಗಾಡಿಯವರ ಪಾಲು ಹೋದರೆ ಬಲೆಯ ಮನೆಗಳಿಗೇ ಸಾಲದು. ಬಲೆ ನಡೆಸುವ ಪುತ್ತು ತಾಂಡೇಲ ಹಿಂದಿನ ದಿನ ಹೇಳಿಬಿಟ್ಟಿದ್ದ: ಇನ್ನೊಮ್ಮೆ ಹೀಗಾದರೆ ಮರುದಿನದಿಂದ ಪಾಲು ಬಲೆಯ ಮನೆಯವರಿಗೆ ಮಾತ್ರ, ಹೊರಗಿನ ಕೈಗಳಿಗಿಲ್ಲ.

"ಅವಂದೂ ತಪ್ಪಲ್ಲ. ನಿಮ್ಮ ಫೋಟೋದೋರು ನನ್ನ ಅನ್ನದ ಮೇಲೆ ನಿಂತಿದ್ರು, ಅಷ್ಟೇಯ" ಎಂದಳು ದೇವಮ್ಮ.

ಬಲೆ ದಂಡೆಗೆ ಬಂತು. ಸಣ್ಣ ಬಂಗಡೆ, ತಾರ್ಲೆ, ಒಂದಿಷ್ಟು ಶೆಟ್ಲಿ ಸಿಗಡಿ. ಹೆಚ್ಚಿರಲಿಲ್ಲ. ತಾಂಡೇಲ ಮರಳಿನ ಮೇಲೆ ಗುಂಪೆ ಹಾಕತೊಡಗಿದ. ಸುಧೀರ ಬರ್ಫದ ಪೆಟ್ಟಿಗೆ ತೆರೆದಿಟ್ಟು ಬೆರಳು ಮಡಚಿದ. "ನಮ್ಮವರು ಎಂಟು, ನಾ ಒಂಬತ್ತು, ಮೇಡಂ ಹತ್ತು. ಪದ್ಧತಿ ಪದ್ಧತೀನ ಅಲ್ಲೇನ್ರೀ ತಾಂಡೇಲರ?"

ಅವನು ಹಗ್ಗ ಮುಟ್ಟಿದ್ದನ್ನೇ ನಾನು ಕಂಡಿರಲಿಲ್ಲ. ತಾಂಡೇಲ ತಲೆ ಎತ್ತದೆ ಗುಂಪೆಗಳನ್ನು ಇನ್ನಷ್ಟು ಸಣ್ಣ ಮಾಡಿದ. ಹೊರಗಿನ ಹೆಂಗಸರು ಒಂದು ಬದಿಗೆ ಸರಿದು ನಿಂತಿದ್ದರು. ನಾಳೆಯ ಮಾತು ಆಗಲೇ ಅವರ ಮುಖದ ಮೇಲಿತ್ತು.

ಆಗ ದೇವಮ್ಮ, ಬೆಲೆ ಕೇಳುವ ದನಿಯಲ್ಲಿ, "ತಾಂಡೇಲ್ರೆ, ಪಾಲು ಕೊಡಿ, ಕೊಡೂದೇ ಸೈ. ಬಲೆ ಹೊರೂದು ಯಾರು?" ಎಂದಳು.

ತಾಂಡೇಲ ತಲೆ ಎತ್ತಿದ.

"ಹಗ್ಗ ಹಿಡ್ದೋರಿಗೆ ಪಾಲು, ಪಾಲು ಹಿಡ್ದೋರಿಗೆ ಬಲೆ. ಹೊತ್ಕಂಡು ಹೋಗಿ, ಒಣಗ್ಸಿ, ಹರ್ದದ್ದು ಹೊಲ್ದು ಕೊಟ್ಟು ಮತ್ತೆ ಮನೆಗೆ ಹೋಗೂದು. ಅದಲ್ವಾ ಪದ್ಧತಿ?"

ಅವನು ಅವಳನ್ನು ಒಂದು ಕ್ಷಣ ನೋಡಿದ. ಆಮೇಲೆ "ಹೌದು" ಎಂದ. ಬಲೆಯ ಮನೆಯವರೂ ಒಬ್ಬೊಬ್ಬರಾಗಿ ಹೌದು ಹೌದು ಎಂದರು.

ಸುಧೀರ ನನ್ನ ಹತ್ತಿರ ಬಂದು ದನಿ ತಗ್ಗಿಸಿದ. "ಇದನ್ನ ಅವರಿಗೆ ಹೇಳೂದು ಬ್ಯಾಡ್ರೀ ಮೇಡಂ. ಊಟದ ಟೈಮ್ ಆತು, ಆಮ್ಯಾಲೆ ಗೋವಾಕ್ಕ ಬಿಡ್ಬೇಕು."

ಎರಡು ದಿನ ನಾನು ರಾಣಿಯನ್ನೂ ಕಡಲ್ಗಳ್ಳರನ್ನೂ ಸಹಿಸಿಕೊಳ್ಳುವಂತೆ ಮಾಡಿದವನು ಇವನು. ಕೈಯಲ್ಲಿ ಹಗ್ಗದ ಉರಿ ಇತ್ತು. ನಾನು ತಿರುಗಿ ನಿಂತು, ಅಗತ್ಯಕ್ಕಿಂತ ದೊಡ್ಡ ದನಿಯಲ್ಲಿ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಬಲೆಯ ಮಾತು, ಬರ್ಫದ ಪೆಟ್ಟಿಗೆಯ ಮಾತು, ನಾಳೆ ಯಾರ ಪಾಲು ಹೋಗುತ್ತದೆ ಎಂಬ ಮಾತು.

"ನಿಮ್ಮನ್ನ ಇಲ್ಲಿಗೆ ಕರ್ಕೊಂಡು ಬಂದೋರು ಯಾರ್ರೀ?" ಎಂದ ಸುಧೀರ.

"ಸರ್ಕಾರಿ ಬಸ್ಸು" ಎಂದೆ.

ಐವರು ಗಾಡಿಯತ್ತ ನಡೆದರು. ಅವರಲ್ಲೊಬ್ಬ, ತಾನು ಇದಕ್ಕೂ ಸೇರಿಸಿಯೇ ಹಣ ಕೊಟ್ಟಿದ್ದೇನೆ ಎಂದು ಗೊಣಗಿದ. ಉಳಿದವರು ಮುಂಬಯಿಯ ದಂಪತಿ ಮತ್ತು ಮಾರ್ತಾ. ಮಾರ್ತಾ ಟೊಪ್ಪಿ ತೆಗೆದು ಮರಳಿನ ಮೇಲಿಟ್ಟು, "ಎಲ್ಲಿ ಹಿಡಿಯಬೇಕು?" ಎಂದು ಕೇಳಿದರು.

ಒದ್ದೆ ಬಲೆಯ ಭಾರ ಎಳೆಯುವಾಗ ತಿಳಿಯುವುದಿಲ್ಲ, ಹೆಗಲಿಗೆ ಬಂದಾಗ ತಿಳಿಯುತ್ತದೆ. ಅದು ಬೆನ್ನ ಮೇಲೆ ನೀರು ಸುರಿಸುತ್ತ, ಕಾಲಿಗೆ ತೊಡರುತ್ತ ಬರುತ್ತದೆ. ಗಾಳಿಮರಗಳ ಕೆಳಗಿನ ಕಂಬಗಳವರೆಗೆ ಎಲ್ಲರೂ ಸೇರಿ ಹೊತ್ತೆವು. ಮಾರ್ತಾ ಎರಡು ಸಲ ಎಡವಿದರು. ಸುಧೀರ ಗಾಡಿಯ ಹಾರ್ನ್ ಬಾರಿಸುತ್ತಿದ್ದ. ಬಲೆ ಹರಡಿ, ಹರಿದ ಕಣ್ಣುಗಳನ್ನು ಹುಡುಕಿ ಹೊಲಿಯಲು ಕುಳಿತೆವು. ನನ್ನ ಗಂಟುಗಳನ್ನು ದೇವಮ್ಮ ಬಿಚ್ಚಿದಳು. ಮಾರ್ತಾ ಹಾಕಿದ್ದನ್ನು ಬಿಚ್ಚಲಿಲ್ಲ.

"ಈ ಅಮ್ಮ ಚಂದ ಹೊಲಿತ್ರು. ಎಲ್ಲಿ ಕಲ್ತದ್ದು ಕೇಳಿ."

ಕೇಳಿದೆ. "ಮನುಷ್ಯರ ಮೇಲೆ" ಎಂದರು ಮಾರ್ತಾ. ಅದನ್ನು ಕನ್ನಡದಲ್ಲಿ ಹೇಳಿದಾಗ ದೇವಮ್ಮ ನಗಲು ತುಸು ಹೊತ್ತು ಬೇಕಾಯಿತು. ನಕ್ಕ ಮೇಲೆ ನಿಲ್ಲಿಸಲೂ ತುಸು ಹೊತ್ತು ಬೇಕಾಯಿತು.

ಗಾಡಿಯವರ ಕಡೆಯಿಂದ ಪಾಲು ಪಡೆದವರು ನಾವು ನಾಲ್ವರೇ. ಮಾರ್ತಾ ತಮ್ಮ ಮೀನನ್ನು ದೇವಮ್ಮನ ಬುಟ್ಟಿಗೆ ಹಾಕಲು ಹೋದರು. ದೇವಮ್ಮ ಬುಟ್ಟಿ ಸರಿಸಿದಳು.

"ದುಡ್ದದ್ದು ತಿನ್ಬೇಕು ಅಂತ ಹೇಳಿ ಅವ್ರಿಗೆ. ನಾನೆಂತ ಬೇಡೂಕೆ ಬಂದೆನಾ?"

ಮಾರ್ತಾ ಕೆಂಪಾದರು. ಟೊಪ್ಪಿಯಲ್ಲಿ ಬಂಗಡೆ ತುಂಬಿಕೊಂಡು ಗಾಡಿ ಹತ್ತಿ, ಸುಧೀರನ ಪಕ್ಕದ ಸೀಟಿನಲ್ಲೇ ಕುಳಿತು, ಅದನ್ನು ತೊಡೆಯ ಮೇಲಿಟ್ಟುಕೊಂಡರು. ಟೊಪ್ಪಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸುಧೀರ ಅತ್ತ ನೋಡದೆ ಮೊಬೈಲಿನಲ್ಲಿ ಯಾರಿಗೋ, "ಇದಲ್ರೀ, ಬ್ಯಾರೆ ಬೀಚ್ ನೋಡ್ರಿ" ಎನ್ನುತ್ತಿದ್ದ. ನನ್ನ ಕೈಚೀಲವನ್ನು ಗಾಡಿಯಿಂದ ಇಳಿಸಿಕೊಂಡೆ. ಧೂಳೆಬ್ಬಿಸಿ ಹೋದರು. ಬರ್ಫದ ಪೆಟ್ಟಿಗೆ ದಂಡೆಯ ಮೇಲೆಯೇ ಉಳಿದಿತ್ತು, ಒಳಗೆ ಬರೀ ನೀರು.

"ನಾಳೆ ಹಗ್ಗ ಯಾರು ಬೇಕಾದ್ರೂ ಹಿಡೀಲಿ" ಎಂದ ತಾಂಡೇಲ, ಎಲ್ಲರಿಗೂ ಕೇಳುವಂತೆ. ದೇವಮ್ಮ ಹೊಲಿಗೆಯಿಂದ ಕಣ್ಣೆತ್ತಲಿಲ್ಲ. ಕೈ ಮಾತ್ರ ಒಂದು ಗಂಟಿನಷ್ಟು ಹೊತ್ತು ನಿಂತಿತ್ತು.

ನನ್ನನ್ನು ಕೊರೆಯುತ್ತಿದ್ದದ್ದು ಬೇರೆ. ಚಿಕ್ಕಂದಿನಲ್ಲಿ ನಾನು ಬಲೆ ಹೊತ್ತ ನೆನಪಿಲ್ಲ. ಅತ್ತೆ ಹೊತ್ತದ್ದೂ ನೆನಪಿಲ್ಲ. ಪದ್ಧತಿಯ ಎರಡನೆಯ ಅರ್ಧವನ್ನು ಆ ದಿನದವರೆಗೆ ನಾನು ಕೇಳಿಯೇ ಇರಲಿಲ್ಲ. ನನ್ನ ನೆನಪು ಸೋರಿದೆಯೋ, ದೇವಮ್ಮ ನಿಂತ ನಿಲುವಿನಲ್ಲಿ ಕಟ್ಟಿದಳೋ? ಕಟ್ಟಿದ್ದರೆ, ರಾಣಿಯನ್ನು ಕಟ್ಟಿದ ಸುಧೀರನ ಮೇಲೆ ನನಗೆ ಸಿಟ್ಟೇಕೆ, ಇವಳ ಮೇಲೆ ಏಕಿಲ್ಲ? ರಾಣಿ ಹಾರಿದ್ದರಿಂದ ಯಾರ ಹೆಗಲಿಗೂ ಭಾರ ಬೀಳಲಿಲ್ಲ ಎಂಬುದಷ್ಟೇ ನನಗೆ ಹೊಳೆದ ಉತ್ತರ. ಇತಿಹಾಸದ ಪರೀಕ್ಷೆಯಲ್ಲಿ ಇದನ್ನು ಬರೆದರೆ ನಾನೇ ಅಂಕ ಕೊಡುತ್ತಿರಲಿಲ್ಲ.

ಅಂಕೋಲೆಯ ಬಸ್ಸಿಗೆ ಹೊತ್ತಾಗಿತ್ತು. ಎಲೆಯಲ್ಲಿ ಕಟ್ಟಿದ ಬಂಗಡೆ ಹಿಡಿದು ಎದ್ದೆ. ಅಗಸೂರಿನಲ್ಲಿ ಅತ್ತೆಯ ಮನೆಗೆ ಒಯ್ಯುವುದು, ಈ ಸಲ ಎಷ್ಟೆಂದು ಅವಳ ಎದುರಿಗೇ ಎಣಿಸಿ ಕೊಡುವುದು ಎಂದು ನಿಶ್ಚಯಿಸಿದ್ದೆ. ಹೋಗುವ ಮೊದಲು ದೇವಮ್ಮನನ್ನು ಕೇಳಿದೆ, ಪಾಲು ಹಿಡಿದವರಿಗೆ ಬಲೆ ಎಂಬುದು ಹಳೆಯ ಪದ್ಧತಿಯೇ ಎಂದು.

"ನಂಗೆಂತ ಗೊತ್ತು. ತಾಂಡೇಲ್ರ ಕೇಳಿ."

ಹಗ್ಗ ಸುತ್ತುತ್ತಿದ್ದ ತಾಂಡೇಲನನ್ನು ಕೇಳಿದೆ. ಅವನು ಸುತ್ತು ಮುಗಿಸಿ, ಹಗ್ಗವನ್ನು ಮರಳಿನ ಮೇಲಿಟ್ಟು, ಗಾಡಿ ಹೋದ ಕೆಂಪು ರಸ್ತೆಯನ್ನು ನೋಡಿದ.

"ಇವತ್ತಿಂದ ಹಳೇದು, ಅಕ್ಕೋರೆ" ಎಂದ.

ಬಸ್ಸಿನಲ್ಲಿ ಡೈರಿ ತೆಗೆದಾಗ ಬೊಬ್ಬೆ ಎದ್ದ ಕೈಗೆ ಪೆನ್ನು ಸರಿಯಾಗಿ ಹಿಡಿಯಲಾಗಲಿಲ್ಲ. ಆ ಪುಟದ ಅಕ್ಷರಗಳು ಸೊಟ್ಟಗಿವೆ. ಈ ಪ್ರಯಾಣದಲ್ಲಿ ನಾನು ಪೂರ್ತಿ ನಂಬುವುದು ಆ ಒಂದು ಪುಟವನ್ನು. ಸುಧೀರ ಈಗ ಇನ್ಯಾವುದೋ ದಂಡೆಯಲ್ಲಿ ಪೆಟ್ಟಿಗೆ ತೆರೆದಿಟ್ಟಿರುತ್ತಾನೆ, ಸಿಟ್ಟು ಇಳಿದಿಲ್ಲ. ಅವನ ಗಾಡಿಯಲ್ಲಿ ನೀವಿದ್ದು, ನಿಮ್ಮ ಕೈಗೆ ಯಾರಾದರೂ ಹಗ್ಗ ಕೊಟ್ಟರೆ, ಫೋಟೋ ತೆಗೆಯುವ ಮೊದಲು ಬಲೆ ಎಲ್ಲಿಗೆ ಹೊರಬೇಕು ಎಂದು ಕೇಳಿ. ಅದು ಹಳೆಯ ಪದ್ಧತಿ.