ಇದ್ದು ಹೋಗು ಎನ್ನಲಿಲ್ಲ

ಅಕ್ಕನ ಬಲ ಅಂಗೈಯ ಬುಡದಲ್ಲಿ ಯಾವಾಗಲೂ ಒಂದು ಕೆಂಪು ಬರೆ ಇರುತ್ತಿತ್ತು. ಭದ್ರಾವತಿಯ ಅವಳ ಕ್ವಾರ್ಟರ್ಸಿನ ಬಾಗಿಲ ಚಿಲಕ ತುಕ್ಕು ಹಿಡಿದಿತ್ತು. ಸಂಜೆ ದೀಪ ಹಚ್ಚಿದ ಕೂಡಲೇ ಅಂಗೈ ಕೊಟ್ಟು ಅದನ್ನು ಗುದ್ದಿ ಕೂರಿಸುತ್ತಿದ್ದಳು. ಅನ್ನಕ್ಕಿಟ್ಟು ಬಂದು ಮತ್ತೊಮ್ಮೆ ಗುದ್ದುತ್ತಿದ್ದಳು. ಮಲಗುವ ಮುಂಚೆ ಇನ್ನೊಮ್ಮೆ.

ಭಾವ ನೈಟ್ ಶಿಫ್ಟಿಗೆ ಹೋಗುತ್ತಿದ್ದ ಕಾಲದಲ್ಲಿ ಅವಳು ಆರಾಮವಾಗಿ ನಿದ್ದೆ ಮಾಡುತ್ತಿದ್ದಳು. ಆಗ ಆ ಸಾಲಿನ ಮನೆಗಳಲ್ಲೆಲ್ಲ ಜನ. ಪಕ್ಕದ ಮನೆಯ ತಮಿಳಮ್ಮ ಕೆಮ್ಮಿದರೂ ಇವಳಿಗೆ ಕೇಳುತ್ತಿತ್ತು. ಕಾರ್ಖಾನೆಯ ಕೆಲಸ ನಿಂತ ಮೇಲೆ ಒಬ್ಬೊಬ್ಬರೇ ಊರು ಬಿಟ್ಟರು. ಭಾವ ತೀರಿಕೊಂಡರು. ಮಕ್ಕಳಿರಲಿಲ್ಲ. ಎರಡೂ ಕಡೆ ಬೀಗ ಬಿದ್ದ ಮನೆಗಳ ನಡುವೆ ಅಕ್ಕ ಒಬ್ಬಳೇ ಉಳಿದಳು. ಕತ್ತಲಾದರೆ ಅವಳಿಗೆ ಹೆದರಿಕೆ ಶುರುವಾಗುತ್ತಿತ್ತು.

ಇದನ್ನು ಕೇಳಿ ನಕ್ಕವರನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಭಾವನ ಅಣ್ಣ ತುಂಬಿದ ಮನೆಯಲ್ಲಿ, "ಈ ವಯಸ್ಸಲ್ಲಿ ನಿನ್ನ ಯಾರು ಹೊತ್ಕೊಂಡು ಹೋಗ್ತಾರೆ ಮಾರಾಯ್ತಿ? ಹೋದ್ರೂ ಬೆಳಿಗ್ಗೆ ವಾಪಸ್ ತಂದು ಬಿಡ್ತಾರೆ" ಎಂದು ಎಲ್ಲರನ್ನೂ ನಗಿಸಿದ. ಅವನ ಹೆಂಡತಿ ಮಂತ್ರಿಸಿದ ದಾರ ತಂದುಕೊಟ್ಟಳು. ಯಾರೋ ನಾಯಿ ಸಾಕು ಎಂದರು. ಡಾಕ್ಟರ್ ನಿದ್ದೆ ಮಾತ್ರೆ ಬರೆದರು. ಒಂದು ರಾತ್ರಿ ಬಂದು ಜೊತೆಗೆ ಮಲಗಿದವರು ಯಾರೂ ಇಲ್ಲ.

"ದೆವ್ವದ ಹೆದ್ರಿಕೆ ಅಲ್ಲ ಕಣೇ" ಎಂದು ಅಕ್ಕ ನನಗೆ ಹೇಳಿದ್ದಳು. "ಬಚ್ಚಲಲ್ಲಿ ಜಾರಿ ಬಿದ್ದೆ ಅಂತಿಟ್ಕೋ. ನಾನು ಕೂಗಿದ್ದು ಯಾರಿಗೆ ಕೇಳತ್ತೆ? ಅದೊಂದೇ." ಇದರಲ್ಲಿ ನಗುವಂಥದ್ದು ಏನಿತ್ತು?

ಉಪಾಯಗಳನ್ನೆಲ್ಲ ಅವಳೇ ಮಾಡಿಕೊಂಡಳು. ಭಾವನ ಚಪ್ಪಲಿ ಹೊಸ್ತಿಲ ಹೊರಗೇ ಇರುತ್ತಿತ್ತು. ಯಾರೋ ಮೆಟ್ಟಿ ಓಡಾಡಿದ ಹಾಗೆ ದಿನಾ ಅದರ ಜಾಗ ಬದಲಾಯಿಸುತ್ತಿದ್ದಳು. ರಸ್ತೆಯಲ್ಲಿ ಹೋಗುವವರಿಗೆ ಕೇಳಲೆಂದು "ರೀ, ಊಟಕ್ಕೆ ಬನ್ನಿ, ಸಾರು ಆರೋಗತ್ತೆ" ಎಂದು ಜೋರಾಗಿ ಕರೆಯುತ್ತಿದ್ದಳು. ಒಂದು ಸಂಜೆ ನಾನು ಹೋಗಿದ್ದಾಗಲೂ ಹಾಗೆ ಕರೆದಳು. ನಾನು ಬೆಚ್ಚಿ ರೂಮಿನ ಕಡೆ ನೋಡಿದೆ. "ನೀನ್ಯಾಕೆ ಹೆದರ್ತೀಯೇ? ನಿಜವಾಗ್ಲೂ ಬಂದ್ರೆ ಮೊದ್ಲು ಓಡೋಳು ನಾನೇ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಮ್ಮ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅವಳು. ರಾತ್ರಿ ಹಿತ್ತಲಿಗೆ ಹೋಗಬೇಕಾದರೆ ಅವಳನ್ನೇ ಎಬ್ಬಿಸುತ್ತಿದ್ದೆ. ಒಂದು ದಿನವೂ ಗೊಣಗಿದವಳಲ್ಲ. ಚಳಿಯಲ್ಲಿ ಹೊರಗೆ ನಿಂತು "ಇಲ್ಲೇ ಇದೀನಿ ಕಣೇ, ಇಲ್ಲೇ" ಎನ್ನುತ್ತಿದ್ದಳು.

ಅವಳು ಬಾಯಿಬಿಟ್ಟು ಕೇಳುವವಳಲ್ಲ. ತೀರಾ ಆಗದ ದಿನ ಬಸ್ಸು ಹತ್ತಿ ಶಿವಮೊಗ್ಗಕ್ಕೆ, ಆಲ್ಕೊಳದ ನಮ್ಮ ಮನೆಗೆ ಬರುತ್ತಿದ್ದಳು. "ಗಾಂಧಿ ಬಜಾರಲ್ಲಿ ಕೆಲಸ ಇತ್ತು, ಹಂಗೇ ಬಂದೆ" ಎನ್ನುತ್ತಿದ್ದಳು. ಸೊಪ್ಪು ಬಿಡಿಸಿಕೊಟ್ಟು, "ಹೊರಡ್ತೀನಿ" ಎಂದು ಹೇಳಿ, ಹೊರಡದೆ ಕೂತಿರುತ್ತಿದ್ದಳು. ಆಗ ನಾವೇ "ಕತ್ತಲಾಯ್ತು, ಇದ್ದು ಹೋಗು" ಅನ್ನಬೇಕು. ಅವಳು ಒಂದು ಸಲ "ಅಯ್ಯೋ, ಬೇಡ" ಅನ್ನಬೇಕು. ನಾವು ಮತ್ತೆ ಒತ್ತಾಯ ಮಾಡಬೇಕು. ನಮ್ಮಲ್ಲಿ ಮರ್ಯಾದೆ ನಡೆಯುವುದೇ ಹಾಗೆ.

ಅವತ್ತು ಬಂದಾಗ, ಮರುದಿನ ಬೆಳಿಗ್ಗೆ ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ನನ್ನ ಅತ್ತೆ ಅಡುಗೆಮನೆಯಲ್ಲಿ, "ಶುಭಕಾರ್ಯಕ್ಕೆ ಗಂಡ ಇಲ್ದೋಳು ಎದುರಿಗೆ ಬೇಡ, ಕಳಿಸು" ಎಂದು ಪಿಸುಗುಟ್ಟಿದರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಅದು ನೀಚ ಮಾತು ಎಂದು ತಿಳಿಯಲು ಓದು ಬೇಕಿರಲಿಲ್ಲ. ಅಕ್ಕನ ಚೀಲದಲ್ಲಿ ಮಡಚಿಟ್ಟ ನೈಟಿ ನನಗೆ ಕಾಣುತ್ತಿತ್ತು. ಆದರೂ ಹೇಳಿದೆ: "ಬಸ್ ತಪ್ಪೋಗತ್ತೆ ಅಕ್ಕ, ಹೊರಡು."

"ಹೌದಲ್ಲ, ಹೊತ್ತಾಗಿದ್ದೇ ಗೊತ್ತಾಗ್ಲಿಲ್ಲ ನೋಡು" ಎಂದು ಅವಳು ಚೀಲದ ಬಾಯಿ ಮುಚ್ಚಿಕೊಂಡಳು.

ದಾರಿಯಿಂದ ಫೋನ್ ಮಾಡಿದಳು. "ಮಲವಗೊಪ್ಪ ಬಂತು ಕಣೇ. ಬಸ್ ಖಾಲಿ ಇದೆ." ಯಾಕೆ ಮಾಡಿದಳೆಂದು ನನಗೆ ಗೊತ್ತಿತ್ತು. "ಹುಷಾರಾಗಿ ಹೋಗು" ಎಂದು ಇಟ್ಟುಬಿಟ್ಟೆ. ಗಂಡಿನವರು ಬಂದರು, ಕೇಸರಿಬಾತ್ ತಿಂದರು, ಬೇಡ ಎಂದು ಹೋದರು. ಅದಾದ ಮೇಲೆ ಅಕ್ಕನಿಗೆ ಗಾಂಧಿ ಬಜಾರಿನಲ್ಲಿ ಕೆಲಸವೇ ಬೀಳಲಿಲ್ಲ. ಕರೆದರೂ ಬರಲಿಲ್ಲ.

ಅವಳು ಸತ್ತದ್ದು ಹಾಡಹಗಲಲ್ಲಿ, ತರಕಾರಿ ಅಂಗಡಿಯ ಮುಂದೆ, ಕೊತ್ತಂಬರಿ ಕಟ್ಟು ಆರಿಸುತ್ತಾ. "ಪುಣ್ಯವಂತೆ, ಒಬ್ಬಳೇ ಸಾಯ್ಲಿಲ್ಲ" ಎಂದು ನೆಂಟರು ಅವಳ ಅದೃಷ್ಟ ಹೊಗಳಿದರು. ದೂರದಿಂದ ಬರುವವರಿದ್ದದ್ದರಿಂದ ದೇಹವನ್ನು ಆ ರಾತ್ರಿ ಕ್ವಾರ್ಟರ್ಸಿನಲ್ಲೇ ಇಟ್ಟರು. ನಡುಮನೆ ತುಂಬ ಜನ. ಕಾಫಿಗೆಂದು ಕೆಲವರು ಹೊರಗೆ ಎದ್ದಾಗ ಭಾವನ ಅಣ್ಣ ಗದರಿದ: "ಎಲ್ರೂ ಒಟ್ಟಿಗೆ ಏಳ್ಬೇಡ್ರಪ್ಪಾ. ಹೆಣಾನ ರಾತ್ರಿ ಒಂಟಿ ಬಿಡಬಾರ್ದು."

"ಉಸಿರಿದ್ದಾಗ ಬಿಡಬಹುದಾಗಿತ್ತಾ?" ಎಂದು ಕಿರುಚಿದೆ.

ಎಲ್ಲರೂ ನನ್ನತ್ತ ನೋಡಿದರು. "ದುಃಖದಲ್ಲಿ ಏನೇನೋ ಅಂತಿದಾಳೆ" ಎಂದು ಅತ್ತೆ ನನ್ನ ಕೈ ಎಳೆದು ಕೂರಿಸಿದರು. ದುಃಖವಲ್ಲ, ಸಿಟ್ಟು. ಅವರ ಮೇಲಿದ್ದಷ್ಟೇ ನನ್ನ ಮೇಲೂ ಇತ್ತು. ಬೆಳಗಾಗುವವರೆಗೆ ಅಕ್ಕನ ತಲೆಯ ಹತ್ತಿರ ಕಣ್ಣು ಮುಚ್ಚದೆ ಕೂತೆ. ಅವಳ ಜೊತೆಗೆಂದು ನಾನು ಆ ಮನೆಯಲ್ಲಿ ಕಳೆದ ರಾತ್ರಿ ಅದೊಂದೇ. ಅಷ್ಟು ಹೊತ್ತಿಗೆ ಅವಳಿಗೆ ಯಾರೂ ಬೇಕಿರಲಿಲ್ಲ.