ಸೆರಗಿಗೆ ಹತ್ತಿದ ಹನಿ

ಇದು ಹೀಗೆಯೇ ನಡೆಯಿತೆಂದು ಆಣೆ ಮಾಡುವ ಧೈರ್ಯ ನನಗಿಲ್ಲ. ಎಪ್ಪತ್ತರ ದಶಕದ ಒಂದು ದಸರಾ ರಜೆ ಎಂಬುದಷ್ಟು ನಿಜ. ಸಾಕ್ಷಿಯಿಲ್ಲದೆ ಏನನ್ನೂ ನಂಬಬೇಡ ಎಂದು ವಿಶ್ವವಿದ್ಯಾಲಯ ಕಲಿಸಿತು. ನಮ್ಮದೇ ನೆನಪಿಗೆ ಸಾಕ್ಷಿ ಎಲ್ಲಿಂದ ತರಬೇಕೆಂದು ಮಾತ್ರ ಯಾವ ಮೇಷ್ಟರೂ ಹೇಳಲಿಲ್ಲ.

ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದ ನಾನು, ರಕ್ತದ ಗುಂಪು ನೋಡುವ ಸೀರಂ ಬಾಟಲಿಗಳನ್ನು ಥರ್ಮಾಸಿನಲ್ಲಿಟ್ಟುಕೊಂಡು ಕೋಣಂದೂರಿನ ಬಳಿಯ ನಮ್ಮ ಮನೆಗೆ ಬಂದಿದ್ದೆ. ಕಾಫಿ ಇರಬೇಕೆಂದು ಅಪ್ಪ ಲೋಟ ಹಿಡಿದು ಬಂದರು. ಅಥವಾ ಅದನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ! ಮನೆಮಂದಿಯೆಲ್ಲ ಆಟವೆಂಬಂತೆ ಬೆರಳು ಚುಚ್ಚಿಸಿಕೊಂಡರು. ಅಜ್ಜಿಯದು ಎಬಿ ಗುಂಪು. ಚುಚ್ಚಿದ ಬೆರಳನ್ನು ಸೆರಗಿನಲ್ಲಿ ಒತ್ತಿಕೊಂಡು ಅವಳು ಕೂತಿದ್ದಾಗ, ಎಬಿ ತಾಯಿಗೆ ಓ ಗುಂಪಿನ ಮಗು ಹುಟ್ಟುವುದಿಲ್ಲವೆಂದು ನಾನು ಪಾಠ ಒಪ್ಪಿಸಿದೆ. ಯಾರೂ ಕೇಳಿರಲಿಲ್ಲ.

"ಹಂಗಾರೆ ನಂದೂ ಒಂದ್ ನೋಡಾ" ಎಂದು ಚಿಕ್ಕಪ್ಪ ಬೆರಳು ಚಾಚಿದ.

ಚಿಕ್ಕಪ್ಪ ಮನೆಯಲ್ಲಿ ಯಾರನ್ನೂ ಹೋಲುತ್ತಿರಲಿಲ್ಲ. ಕೂಸಾಗಿದ್ದಾಗ ಅಜ್ಜ ಅವನನ್ನು ಹುಲಿಕಲ್ ಕಡೆಯಿಂದ ಎತ್ತಿಕೊಂಡು ಬಂದರೆಂದು ಊರಲ್ಲಿ ಗುಸುಗುಸು. ಅಜ್ಜಿ ಅದನ್ನು ಹೌದೆಂದವಳಲ್ಲ, ಅಲ್ಲವೆಂದವಳೂ ಅಲ್ಲ. ಅವನ ರಕ್ತದ ಹನಿ ಗಾಜಿನ ಮೇಲೆ ಬಿತ್ತು. ನಾನು ಸೀರಂ ಹಾಕುವ ಮೊದಲೇ ಅಜ್ಜಿ ಸೆರಗಿನಿಂದ ಒರೆಸಿಬಿಟ್ಟಳು.

"ನಾ ಬೆರಳು ಕೊಟ್ಟಿದ್ದು ನನ್ ರಕ್ತ ನೋಡಕ್ಕೆ ಕಣಾ. ಇವನ್ನ ಅಳೆಯಕ್ಕಲ್ಲ."

"ಚಿಕ್ಕಪ್ಪನೇ ಕೊಟ್ಟಿದ್ದಲ್ವಾ ಅಜ್ಜಿ?"

"ಅವ ಕೊಟ್ರಾಯ್ತಾ? ಒಬ್ನೇ ಮಗ ಆಗಕ್ಕಾಗುತ್ತೇನಾ, ತಾಯಿ ಬ್ಯಾಡ್ವಾ? ನನ್ನ ಕೇಳಿದ್ಯಾ?"

ಚಿಕ್ಕಪ್ಪ ನಕ್ಕ. "ಅವ್ವಂದೇ ನಂದೂ ಅಂತ ಬರ್ಕಳಾ ಮಾರಾಯ." ಆದರೆ ಚಾಚಿದ ಬೆರಳನ್ನು ಹಿಂದಕ್ಕೆಳೆಯಲು ಅವನಿಗೆ ತುಸು ಹೊತ್ತು ಹಿಡಿಯಿತು. ಅವನಿಗೂ ತಿಳಿಯುವ ಆಸೆ ಇತ್ತೇ? ಕೇಳೋಣವೆಂದು ಪ್ರತಿ ರಜೆಯಲ್ಲೂ ಅಂದುಕೊಂಡೆ. ಕೇಳುವ ಮೊದಲೇ ಅವನು ಹೋದ, ಅವನ ಹಿಂದೆಯೇ ಅಜ್ಜಿ. ಹೊಸನಗರದ ಬಸ್ಸು ಹುಲಿಕಲ್‌ನಲ್ಲಿ ನಿಂತಾಗ, ಚಹಾ ಅಂಗಡಿಯ ಅಪರಿಚಿತರಲ್ಲಿ ಚಿಕ್ಕಪ್ಪನ ಮೂಗು ಹುಡುಕುವ ಚಾಳಿ ನನಗೆ ಅಂಟಿಕೊಂಡಿದೆ. ಗುಸುಗುಸುವನ್ನು ನಂಬದವನ ಪಾಡು ನೋಡಿ.

ಅಪ್ಪನ ಪ್ರಕಾರ ಅಂದು ಅಜ್ಜಿ ತಂಬಿಗೆಯ ನೀರು ಚೆಲ್ಲಿದ್ದು. ಅಮ್ಮನ ಪ್ರಕಾರ ಚಿಕ್ಕಪ್ಪ ತಾನೇ ಪಂಚೆಗೆ ಒರೆಸಿಕೊಂಡದ್ದು. ಸೆರಗನ್ನು ಕಂಡವನು ನಾನೊಬ್ಬನೇ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಒಣಗಿದ ರಕ್ತದ ಕಲೆಯಿಂದಲೂ ಡಿಎನ್‌ಎ ತೆಗೆದು ಹೆತ್ತವರು ಯಾರೆಂದು ಹೇಳಬಹುದಂತೆ ಎಂದು ಪತ್ರಿಕೆಯಲ್ಲಿ ಓದಿದೆ. ಅಜ್ಜಿಯ ಸೀರೆಗಳನ್ನೆಲ್ಲ ಸೇರಿಸಿ ಚಿಕ್ಕಮ್ಮ ಕೌದಿ ಹೊಲಿದಿದ್ದರು. ಸಾಗರದಲ್ಲಿ ಮಗಳ ಮನೆಯಲ್ಲಿದ್ದ ಅವರ ಬಳಿ ಹೋಗಿ, ಚಳಿಯ ನೆಪ ಹೇಳಿ ಅದನ್ನು ಹೊದೆಯಲು ಕೇಳಿದೆ. "ಈ ಸೆಕೇಲಾ?" ಎಂದರು ಚಿಕ್ಕಮ್ಮ. ಆದರೂ ಕೊಟ್ಟರು.

ಕತ್ತರಿ ನನ್ನ ಚೀಲದಲ್ಲೇ ಉಳಿಯಿತು. "ನನ್ನ ಕೇಳಿದ್ಯಾ?" ಎಂದಿದ್ದಳು ಅಜ್ಜಿ, ಈಗ ಕೇಳಿ ಒಪ್ಪಿಸೋಣವೆಂದರೆ ಅವಳೇ ಇಲ್ಲ. ಬೆಳಕಿಗೆ ಹಿಡಿದು ನೋಡಿದ್ದಷ್ಟೇ. ಹಸಿರು ಸೆರಗಿನ ತುಂಡಿನಲ್ಲಿ, ಒಗೆದರೂ ಹೋಗದ ಕಂದು ಕಲೆ ಇತ್ತು. ಅವಳ ಬೆರಳಿನದೊಂದು, ಅವನ ಹನಿಯದೊಂದು ಇರಬೇಕೆಂದು ಉದ್ದಕ್ಕೂ ಹುಡುಕಿದೆ. ಇದ್ದದ್ದು ಒಂದೇ.