ನೀರು ಮೇಸ್ತ್ರಿ ಮತ್ತು ಕೆಳಗಿನ ಪೈಪು

ಕಾದ ಎಂಜಿನ್ನಿಗೆ ಕೈ ಹಾಕುವ ಮೊದಲು ನನ್ನ ದೊಡ್ಡಪ್ಪ ಸ್ವಲ್ಪ ಹೊತ್ತು ನೀರಾಗುತ್ತಿದ್ದರು. ನಾನೇನೂ ಕಟ್ಟಿ ಹೇಳುತ್ತಿಲ್ಲ. ಡ್ರೈವರ್ ಸೀಟಿನಲ್ಲಿ ಕುಳಿತು ಕಣ್ಣು ಮುಚ್ಚಿದರೆಂದರೆ, ರೇಡಿಯೇಟರಿನ ತಳದಿಂದ ಹೊರಟು, ಕೆಳಗಿನ ಪೈಪು ಹಾದು, ಪಂಪಿನಲ್ಲಿ ಗಿರಗಿರನೆ ಸುತ್ತಿ, ಸಿಲಿಂಡರುಗಳ ಸುತ್ತ ಬಿಸಿಯಾಗಿ, ಮೇಲಿನ ಪೈಪಿನಿಂದ ಮತ್ತೆ ರೇಡಿಯೇಟರಿಗೆ ಬಂದು ಬೀಳುವವರೆಗೆ ಅವರ ಬಾಯಿಗೆ ಬೀಗ. ಎಲ್ಲಿ ದಾರಿ ಕಟ್ಟಿತೋ ಅಲ್ಲಿ ಒಂದು ಬೆರಳು ಮಡಚುತ್ತಿದ್ದರು. ಊರಿಗೆಲ್ಲ ಅವರು ನೀರು ಮೇಸ್ತ್ರಿ. ‘ಇವರು ತೂಕಡಿಸೋದಕ್ಕೂ ಜನ ಕೂಲಿ ಕೊಡ್ತಾರಲ್ಲ’ ಎಂದು ದೊಡ್ಡಮ್ಮ ಅಣಕಿಸುತ್ತಿದ್ದಳು.

ಅವರ ಕಣ್ಣು ಪೂರ್ತಿ ಹೋಗಿ ಎರಡು ವರ್ಷವಾಗಿತ್ತು. ಕಣ್ಣಿನ ನರ ಒಣಗಿದೆ, ಏನೂ ಮಾಡುವಂತಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಮನೆಯ ಮುಂದಿನ ಗ್ಯಾರೇಜಿನ ಬಾಗಿಲು ಎಳೆದಾಯಿತು. ಯಾವುದೋ ಜೀಪಿನಿಂದ ಕಿತ್ತ ಸೀಟೊಂದನ್ನು ಜಗಲಿಗೆ ಹಾಕಿಸಿಕೊಂಡು ದೊಡ್ಡಪ್ಪ ದಿನವಿಡೀ ಸ್ಪ್ಯಾನರುಗಳನ್ನು ಒರೆಸುತ್ತಿದ್ದರು. ಬಂದವರು ಬಿಸಿಲಿನ ಮಾತಾಡುತ್ತಿದ್ದರು, ಮೊಣಕಾಲು ನೋವಿನ ಮಾತಾಡುತ್ತಿದ್ದರು; ಎಂಜಿನ್ನಿನ ಮಾತು ಮಾತ್ರ ಎತ್ತುತ್ತಿರಲಿಲ್ಲ. ಅದು ದಾಕ್ಷಿಣ್ಯವೆಂದು ಅವರಿಗೆ ಅನ್ನಿಸಿತ್ತೇನೋ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ರಜೆ ಹಾಕಿ ಅಲ್ಲಿಗೆ ಹೋಗಿದ್ದಾಗ, ಒಂದು ಗುರುವಾರ ಮಧ್ಯಾಹ್ನ, ಗುಡ್ಡದ ಮೇಲಿನ ಮನೆಗಳಿಗೆ ನರ್ಸಮ್ಮನನ್ನೂ ಔಷಧದ ಪೆಟ್ಟಿಗೆಯನ್ನೂ ಸಾಗಿಸುವ ಹಳೇ ಜೀಪು ಬಾಗಿಲಿಗೆ ಬಂದು ನಿಂತಿತು. ಅದರ ಡ್ರೈವರ್ ಇಪ್ಪತ್ತು ವರ್ಷದಿಂದ ಅದನ್ನೇ ಓಡಿಸುತ್ತಿದ್ದವನು. ತಿಂಗಳಿಂದ ಏರು ಹತ್ತುವಾಗ ಎಂಜಿನ್ ಕುದಿಯುತ್ತಿದೆಯಂತೆ. ಒಂದು ಗ್ಯಾರೇಜಿನವರು ರೇಡಿಯೇಟರ್ ತೊಳೆದು ಕೊಟ್ಟರು. ಇನ್ನೊಂದರವರು ಎಂಜಿನ್ನೇ ಬಿಚ್ಚಬೇಕೆಂದರು. ಅಷ್ಟು ಖರ್ಚು ಬೇಡ, ಗುಜರಿಗೆ ಹಾಕಿ ಎಂದಿತು ಆಸ್ಪತ್ರೆಯ ಕಚೇರಿ. ಬದಲಿ ಗಾಡಿಯ ಸುದ್ದಿಯೇ ಇರಲಿಲ್ಲ.

“ಶನಿವಾರ ಎಳ್ಕೊಂಡು ಹೋಗ್ತಾರೆ, ಮೇಸ್ತ್ರಿ. ನೀವೊಂದ್ಸಲ ನೋಡಿ,” ಎಂದವನು ನಾಲಿಗೆ ಕಚ್ಚಿಕೊಂಡ.

“ನೋಡೋಣ ಬಿಡು. ಡ್ರೈವರ್ ಸೀಟಿಗೆ ಕೂರ್ಸು,” ಎಂದರು ದೊಡ್ಡಪ್ಪ. ಅವರ ಮುಖ ಅರಳಿತ್ತು.

ಮೊದಲು ವಿಚಾರಣೆ ನಡೆಯಿತು. ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತದೆಯೇ? ಇಲ್ಲ. ಬಿಳಿ ಹೊಗೆ? ಇಲ್ಲ. ಎಣ್ಣೆ ಹಾಲಿನಂತಾಗಿದೆಯೇ? ಇಲ್ಲ. ನಿಂತಲ್ಲೇ ಓಡಿಸಿದರೆ? ಗಂಟೆಗಟ್ಟಲೆ ತಣ್ಣಗಿರುತ್ತದೆ. ಹಾಗಾದರೆ ಎಂಜಿನ್ ಬಿಚ್ಚುವ ಮಾತೇ ಇಲ್ಲ ಎಂದು ದೊಡ್ಡಪ್ಪ ಸ್ಟೀರಿಂಗಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಕಾಣದ ಕಣ್ಣನ್ನು ಮುಚ್ಚುವುದೇಕೆ ಎಂದು ನಾವು ಕೇಳಲಿಲ್ಲ.

ಎಂಜಿನ್ ಒಂದೇ ಸಮನೆ ಗುನುಗುತ್ತಿತ್ತು. ಮಧ್ಯಾಹ್ನದ ಬೆಳಕು ಗಾಜಿನ ಧೂಳಿನಲ್ಲಿ ಹಳದಿಯಾಗಿ ನಿಂತಿತ್ತು. ಪಕ್ಕದಲ್ಲಿ ಕುಳಿತ ನನಗೂ ಮಂಪರು ಕವಿದು, ಎಲ್ಲೋ ಕತ್ತಲ ಓಣಿಯೊಂದರಲ್ಲಿ ತಂಪಾಗಿ ಹರಿಯುತ್ತಿದ್ದೇನೆ ಅನ್ನಿಸಿತು. ಗೋಡೆಗಳು ಬೆಚ್ಚಗಾಗುತ್ತಿದ್ದವು, ಮೇಲೆಲ್ಲೋ ಗಾಳಿ ಬೀಸುತ್ತಿತ್ತು, ಯಾರಿಗೂ ಅವಸರವಿರಲಿಲ್ಲ. ಹೀಗೆಯೇ ಸುತ್ತುತ್ತಿದ್ದರೆ ಸಾಕು ಎನ್ನುವಷ್ಟು ಹಿತವಾಗಿತ್ತು. ಎಚ್ಚರವಾದಾಗ ದೊಡ್ಡಪ್ಪನ ತೋರುಬೆರಳು ಮಡಚಿತ್ತು.

“ಪಂಪಿಗೆ ಹೋಗೋ ಮುಂಚೆ ಯಾರೋ ಕತ್ತು ಹಿಸುಕ್ದಂಗಾಯ್ತು,” ಎಂದರು. “ಕೂದಲು ಕಟ್ಕೊಂಡು ಬಗ್ಗು ಮಗಳೇ. ಫ್ಯಾನಿಂದ ದೂರ ಇರು. ಕೆಳಗಿನ ಪೈಪನ್ನೇ ನೋಡ್ತಿರು.”

ಅವರು ಆಕ್ಸಿಲರೇಟರ್ ಒತ್ತಿದರು. ಅಷ್ಟು ಹೊತ್ತು ದುಂಡಗಿದ್ದ ರಬ್ಬರ್ ಪೈಪು ಎಂಜಿನ್ ಕೂಗಿದ ಕೂಡಲೇ ಹೀರಿದ ಹಾಲಿನ ಪೊಟ್ಟಣದಂತೆ ಚಪ್ಪಟೆಯಾಯಿತು. ಕಾಲು ತೆಗೆದರೆ ಮತ್ತೆ ದುಂಡಗೆ. ಜೋರಾಗಿ ಓಡುವಾಗ ಪಂಪು ನೀರೆಳೆಯುತ್ತದೆ, ಆಗ ಪೈಪು ಕುಸಿಯುತ್ತದೆ, ನೀರು ನಿಲ್ಲುತ್ತದೆ, ಎಂಜಿನ್ ಕಾಯುತ್ತದೆ. ಕುಸಿಯಬಾರದೆಂದೇ ಆ ಪೈಪಿನೊಳಗೆ ತಂತಿಯ ಸುರುಳಿಯೊಂದಿರುತ್ತದಂತೆ. ಇದರೊಳಗೆ ಇರಲಿಲ್ಲ.

ಡ್ರೈವರ್ ಕುಣಿಯುವುದೊಂದು ಬಾಕಿ. ರೇಡಿಯೇಟರ್ ತೊಳೆದವನೇ ಸುರುಳಿ ನುಂಗಿದ್ದಾನೆಂದು ಅವನ ಮೇಲೆ ಬೈಗುಳದ ಮಳೆ ಸುರಿಸಿದ. ದೊಡ್ಡಪ್ಪ ಸ್ಟೀರಿಂಗಿನಿಂದ ಕೈ ತೆಗೆದರು. ಅವರ ಮುಖದ ಬಣ್ಣ ಇಳಿದದ್ದು ನೋಡಿ ನನಗೆ ನೆನಪಾಯಿತು. ಮೂರು ವರ್ಷದ ಹಿಂದೆ, ಗ್ಯಾರೇಜು ಮುಚ್ಚುವ ಮೊದಲು, ನಾನು ರಜೆಗೆ ಬಂದಿದ್ದಾಗ ಆ ಪೈಪು ಬದಲಾಯಿಸಿದ್ದು ಇವರೇ. ಸುಮ್ಮನಿದ್ದುಬಿಡಲಿ, ಯಾರಿಗೆ ಗೊತ್ತಾಗುತ್ತದೆ ಎಂದು ನಾನು ನಾಚಿಕೆಯಿಲ್ಲದೆ ಬಯಸಿದೆ. ಎಷ್ಟೋ ದಿನದ ಮೇಲೆ ಮೇಸ್ತ್ರಿ ಅನ್ನಿಸಿಕೊಂಡಿದ್ದರು, ಒಂದು ಮಧ್ಯಾಹ್ನದ ಮಟ್ಟಿಗಾದರೂ.

“ಅವನನ್ನ ಬೈಬೇಡ,” ಎಂದರು ದೊಡ್ಡಪ್ಪ. “ಆ ಪೈಪು ಹಾಕಿದ್ದು ನಾನು. ಸುರುಳಿ ಹಳೇದ್ರೊಳಗೇ ಉಳೀತು. ಹೊಸ ರಬ್ಬರು ಗಟ್ಟಿ ಇತ್ತು, ಇಷ್ಟು ದಿನ ತಡೀತು. ಆಗ್ಲೇ ನಂಗೆ ಸರಿಯಾಗಿ ಕಾಣ್ತಿರ್ಲಿಲ್ಲ. ಯಾರಿಗೂ ಹೇಳ್ಲಿಲ್ಲ.”

ಆಗ ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ ಒಳಗೆ ಹೋದಳು. ಹಿತ್ತಲಲ್ಲಿ ನಲ್ಲಿಯ ಬಾಯಿಗೆ ಮೂರು ವರ್ಷದಿಂದ ಸಿಕ್ಕಿಸಿದ್ದ ಆ ಹಳೇ ಕಪ್ಪು ಪೈಪನ್ನು ಕಿತ್ತು ತಂದು ಗಂಡನ ಕೈಗಿಟ್ಟಳು. ಅವಳು ಯಾವುದನ್ನೂ ಬಿಸಾಡುವವಳಲ್ಲ. ದೊಡ್ಡಪ್ಪ ಒಳಗೆ ಬೆರಳು ತೂರಿಸಿದರು. ಸುರುಳಿ ಅಲ್ಲೇ ಇತ್ತು.

“ಇದ್ರೊಳಗೆ ಸುರುಳಿ ಉಳಿದಿದೆ ಅಂತ ನಂಗೇನು ಗೊತ್ತು,” ಎಂದಳು. “ನಿಮ್ಮ ಕಣ್ಣಿನ ವಿಷ್ಯ ಗೊತ್ತಿತ್ತು. ಟೀ ಲೋಟ ನಿಮ್ಮ ಕೈಗೇ ಇಡೋಕೆ ಶುರು ಮಾಡಿದ್ದು ಯಾವಾಗಿಂದ ಅಂದ್ಕೊಂಡ್ರಿ? ನೀವಾಗೇ ಹೇಳ್ತೀರೇನೋ ಅಂತ ಕಾದೆ.”

ದೊಡ್ಡಪ್ಪ ಆ ಪೈಪನ್ನು ಹಿಡಿದುಕೊಂಡೇ ಕುಳಿತರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮರುದಿನ ಬೆಳಿಗ್ಗೆ ತುಕ್ಕು ತಿಕ್ಕಿದ ಸುರುಳಿಯನ್ನು ಡ್ರೈವರ್ ತಂದ ಹೊಸ ಪೈಪಿನೊಳಗೆ ಕೂರಿಸಿದೆವು. ಹಿಡಿದದ್ದು ಡ್ರೈವರ್, ತಿರುಗಿಸಿದ್ದು ನಾನು, ತಪ್ಪು ಹಿಡಿದದ್ದೆಲ್ಲ ದೊಡ್ಡಪ್ಪನ ಬೆರಳು. ಆಮೇಲೆ ನಾಲ್ವರೂ ಹತ್ತಿ ಗುಡ್ಡದ ಏರಿಗೆ ಹೊರಟೆವು. ಎರಡನೇ ಗೇರಿನಲ್ಲಿ ಜೀಪು ಅರಚುತ್ತಾ ಹತ್ತಿತು. ಕೆಳಗೆ ಮನೆಗಳು ಮಂಜಿನಲ್ಲಿ ಒಂದೊಂದಾಗಿ ಕರಗಿದವು. ತಿರುವು ತಿರುವಿಗೂ ಶಾಖದ ಮೀಟರಿನ ಮುಳ್ಳು ಎಲ್ಲಿದೆ ಎಂದು ದೊಡ್ಡಪ್ಪ ಕೇಳಿದರು, ಮಧ್ಯದಲ್ಲಿದೆ ಎಂದು ನಾನು ಹೇಳಿದೆ. ತುದಿ ಮುಟ್ಟಿದರೂ ಅದು ಅಲ್ಲಾಡಲಿಲ್ಲ.

ಡ್ರೈವರ್ ಗಾಡಿ ನಿಲ್ಲಿಸಿ, ಇನ್ನು ಗುಜರಿಯ ಮಾತಿಲ್ಲ ಎಂದು ಕಚೇರಿಗೆ ಹೇಳುತ್ತೇನೆ, ಮುಂದಿನ ತಿಂಗಳು ಬ್ರೇಕಿನ ಕೆಲಸವಿದೆ, ಮೇಸ್ತ್ರಿಯ ಹತ್ತಿರವೇ ತರಲೇ ಎಂದು ಕೇಳಿದ.

“ತಾ,” ಎಂದರು ದೊಡ್ಡಪ್ಪ. “ಆದ್ರೆ ಎಲ್ಲಾ ಮುಗಿದ್ಮೇಲೆ ನಮ್ಮ ಮನೆಯವಳಿಗೆ ಒಂದ್ಸಲ ತೋರ್ಸು. ಅವಳು ನೋಡ್ದೆ ಗಾಡಿ ಆಚೆ ಹೋಗ್ಬಾರ್ದು.”

ಹಿಂದಿನ ಸೀಟಿನಲ್ಲಿದ್ದ ದೊಡ್ಡಮ್ಮ, ಅದಕ್ಕೆ ಕೂಲಿ ಬೇರೆ ಎಂದಳು.